ಮಿಡಿಯಿಂದ ವೋಲ್ಟೇಜ್: ನನ್ನ ಮಾಡ್ಯುಲರ್ ಸಿಂಥ್‌ಗೆ ನಾನೇ ಕಟ್ಟಿದ ಕನ್ವರ್ಟರ್

ನನ್ನ ಹತ್ತಿರ 49 ಕೀಗಳ ಒಂದು ಮಿಡಿ ಕೀಬೋರ್ಡ್ ಇದೆ, ಪಕ್ಕದಲ್ಲಿ ಬೇರೆ ಬೇರೆ ಘಟಕಗಳನ್ನು ವೈರ್‌ನಿಂದ ಜೋಡಿಸಿ ನುಡಿಸುವ ಒಂದು ಚಿಕ್ಕ ಯೂರೋರ‍್ಯಾಕ್ ಸಿಂಥ್. ಎರಡಕ್ಕೂ ನೇರವಾಗಿ ಮಾತುಕತೆ ಇಲ್ಲ. ಕೀಬೋರ್ಡ್ ಕಳಿಸುವುದು ಬರೀ ಅಂಕಿ: ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು. ಸಿಂಥ್‌ಗೆ ಬೇಕಾದ್ದು ವೋಲ್ಟೇಜ್. ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಮೇಲೆ, ಇದು ಮೂಗ್ ಸಿಂಥ್‌ಗಳ ಕಾಲದಿಂದ ಬಂದ ಲೆಕ್ಕ. ಜೊತೆಗೆ ಕೀ ಒತ್ತಿ ಹಿಡಿದಿರುವಷ್ಟು ಹೊತ್ತು ಐದು ವೋಲ್ಟ್‌ನ ಗೇಟ್, ಅಂದರೆ ನಾದ ಇರಲಿ ಎನ್ನುವ ಸೂಚನೆ. ನಿಮ್ಮದು ಕೋರ್ಗ್ ಎಂಎಸ್-20 ತರಹದ್ದಾದರೆ ಇಲ್ಲೇ ನಿಲ್ಲಿ. ಅದರ ವೋಲ್ಟೇಜ್ ಲೆಕ್ಕವೂ ಬೇರೆ, ಗೇಟ್ ರೀತಿಯೂ ಬೇರೆ.

ರೆಡಿಮೇಡ್ ಕನ್ವರ್ಟರ್ ಸಿಗುತ್ತದೆ. ಆದರೆ ಹೊರದೇಶದಿಂದ ತರಿಸುವ ಖರ್ಚು ಸೇರಿಸಿದರೆ ಕೈ ಸುಡುತ್ತದೆ. ಒಳಗಿರುವುದೋ ಎರಡು ಮೂರು ಚಿಪ್. ಹಾಗಾಗಿ ನಾನೇ ಕಟ್ಟಿದೆ. ಆರ್ಡುಯಿನೋ ನ್ಯಾನೋ ಬೋರ್ಡ್ (ಪ್ರೋಗ್ರಾಂ ತುಂಬಬಹುದಾದ ಪುಟ್ಟ ಕಂಪ್ಯೂಟರ್), ಮಿಡಿ ಕೇಬಲ್‌ಗೆ ಐದು ಪಿನ್ನಿನ ಡಿನ್ ಸಾಕೆಟ್, ರೆಸಿಸ್ಟರ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕಿತು. ಅಂಕಿಯನ್ನು ವೋಲ್ಟೇಜ್ ಮಾಡುವ ಡ್ಯಾಕ್ ಚಿಪ್ ಮಾತ್ರ ಆನ್‌ಲೈನ್‌ನಲ್ಲಿ ತರಿಸಿದೆ.

ಒಳಬರುವ ಕಡೆ ಹೊಸದೇನೂ ಇಲ್ಲ. ಮಿಡಿ 1983ರಿಂದ ಹಾಗೇ ಇದೆ, ಸೆಕೆಂಡಿಗೆ 31,250 ಬಿಟ್. ಎರಡು ಸಾಧನಗಳ ನೆಲ, ಅಂದರೆ ಗ್ರೌಂಡ್, ಒಂದಕ್ಕೊಂದು ತಾಗಬಾರದು. ತಾಗಿದರೆ ಹಮ್ ಬರುತ್ತದೆ. ಅದಕ್ಕೇ ನಡುವೆ 6ಎನ್138 ಎಂಬ ಆಪ್ಟೋಕಪ್ಲರ್, ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಚಿಪ್. ಸಾಕೆಟ್‌ನ 4ನೇ ಪಿನ್ 220 ಓಮ್ ರೆಸಿಸ್ಟರ್ ದಾಟಿ ಚಿಪ್‌ನ 2ಕ್ಕೆ, 5ನೇ ಪಿನ್ ನೇರವಾಗಿ 3ಕ್ಕೆ. ಈ ಎರಡರ ನಡುವೆ ಒಂದು 1ಎನ್4148 ಡಯೋಡ್ ತಿರುವುಮುರುವಾಗಿ. ಸಾಕೆಟ್‌ನ 2ನೇ ಪಿನ್ ಖಾಲಿ ಬಿಡಿ. ತುಂಬಾ ಜನ ಬಿಡುವ ಒಂದು ಭಾಗವೆಂದರೆ ಚಿಪ್‌ನ 7ನೇ ಕಾಲಿನಿಂದ ಗ್ರೌಂಡಿಗೆ ಹೋಗುವ 10 ಕಿಲೋಓಮ್. ಅದಿಲ್ಲದಿದ್ದರೆ ಒಳಗಿನ ಟ್ರಾನ್ಸಿಸ್ಟರ್ ಆಫ್ ಆಗಲು ತಡ ಮಾಡುತ್ತದೆ. ಒಂದು ಬಿಟ್‌ಗೆ ಇರುವುದೇ 32 ಮೈಕ್ರೋಸೆಕೆಂಡ್, ಅದರಲ್ಲಿ ಈ ಆಲಸ್ಯ ನಡೆಯಲ್ಲ.

ನ್ಯಾನೋ ಆರಿಸಿದ್ದಕ್ಕೆ ಒಂದು ಕಾರಣ ಇದೆ. ಅದರ 16 ಮೆಗಾಹರ್ಟ್ಸ್ ಗಡಿಯಾರವನ್ನು 512ರಿಂದ ಭಾಗಿಸಿದರೆ ಸರಿಯಾಗಿ 31,250 ಬರುತ್ತದೆ, ಚೂರೂ ವ್ಯತ್ಯಾಸ ಇಲ್ಲ. ಒಂದೇ ಕಿರಿಕಿರಿ ಎಂದರೆ ಯುಎಸ್‌ಬಿಯಿಂದ ಪ್ರೋಗ್ರಾಂ ತುಂಬುವುದಕ್ಕೂ ಮಿಡಿಗೂ ಒಂದೇ ಆರ್‌ಎಕ್ಸ್ (ಡೇಟಾ ಒಳಬರುವ) ಪಿನ್. ನಾನು ನಡುವೆ ಒಂದು ಚಿಕ್ಕ ಸ್ವಿಚ್ ಇಟ್ಟಿದ್ದೇನೆ.

ಕೋಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವೆಲಾಸಿಟಿ (ಕೀ ಒತ್ತಿದ ಜೋರು) ಸೊನ್ನೆ ಇರುವ ನೋಟ್-ಆನ್ (ಕೀ ಒತ್ತಿದ ಸಂದೇಶ) ಎಂದರೆ ನೋಟ್-ಆಫ್ (ಕೀ ಬಿಟ್ಟ ಸಂದೇಶ) ಎಂದೇ ಅರ್ಥ. ಒಂದೇ ಬಗೆಯ ಸಂದೇಶ ಸಾಲಾಗಿ ಬಂದರೆ ಮೊದಲ ಬೈಟ್ ಬಿಟ್ಟು ಕಳಿಸುವ ಕೀಬೋರ್ಡ್‌ಗಳೂ ಇವೆ. ಇವೆರಡನ್ನೂ ನೋಡಿಕೊಂಡರೆ ಆಯಿತು. ಒತ್ತಿ ಹಿಡಿದ ಕೀಗಳ ಪಟ್ಟಿ ಇಟ್ಟುಕೊಂಡು, ಕೊನೆಗೆ ಒತ್ತಿದ್ದಕ್ಕೆ ಆದ್ಯತೆ ಕೊಟ್ಟಿದ್ದೇನೆ. ಹಳೆಯ ಮಿನಿಮೂಗ್‌ನಲ್ಲಿ ಆದ್ಯತೆ ಕೆಳಗಿನ ಸ್ವರಕ್ಕೆ. ನನ್ನ ಬೆರಳಿಗೆ ಅದು ಒಗ್ಗಲಿಲ್ಲ. ಇನ್ನೊಂದು ಮಾತು: ಮೊದಲು ಸ್ವರದ ವೋಲ್ಟೇಜ್ ಬದಲಿಸಿ, ಆಮೇಲೆ ಗೇಟ್ ಎತ್ತಿ. ಉಲ್ಟಾ ಮಾಡಿದರೆ ಹಳೆಯ ಸ್ವರದಲ್ಲೇ ಹೊಸ ನಾದ ಶುರುವಾಗುತ್ತದೆ.

ಇಲ್ಲಿಯವರೆಗಿನದನ್ನು ಯಾರು ಬೇಕಾದರೂ ಒಂದು ಭಾನುವಾರ ಕೂತು ಮಾಡಬಹುದು. ನಿಜವಾದ ಕೆಲಸ ಇರುವುದು ಹೊರಗೆ ಹೋಗುವ ವೋಲ್ಟೇಜ್‌ನಲ್ಲಿ.

ಲೆಕ್ಕ ನೋಡಿ. ಒಂದು ಸ್ಥಾಯಿಗೆ 12 ಸ್ವರಸ್ಥಾನ, ಅಂದರೆ ಒಂದಕ್ಕೆ 83.3 ಮಿಲಿವೋಲ್ಟ್. ಸ್ವರಸ್ಥಾನದ ನೂರನೇ ಒಂದು ಪಾಲು ಒಂದು ಸೆಂಟ್, ಅದಕ್ಕೆ ಒಂದು ಮಿಲಿವೋಲ್ಟ್‌ಗಿಂತಲೂ ಕಡಿಮೆ. ಹತ್ತು ಮಿಲಿವೋಲ್ಟ್ ತಪ್ಪಿದರೆ 12 ಸೆಂಟ್ ತಪ್ಪುತ್ತದೆ. 220 ಹರ್ಟ್ಸ್‌ನ ಎರಡು ಆಸಿಲೇಟರ್‌ಗಳ (ಸಿಂಥ್‌ನಲ್ಲಿ ಸ್ವರ ಹುಟ್ಟಿಸುವ ಭಾಗ) ನಡುವೆ ಅಷ್ಟು ವ್ಯತ್ಯಾಸ ಬಂದರೆ ಸೆಕೆಂಡಿಗೆ ಒಂದೂವರೆ ಸಲ ಅಲೆಯಾಡುವುದು ಕೇಳಿಸುತ್ತದೆ. ತಂಬೂರಿಗೆ ಕಿವಿ ಕೊಟ್ಟು ಬೆಳೆದವರಿಗೆ ಹಿಂಸೆ ಅದು.

ನಾನು ಬಳಸಿದ್ದು ಎಂಸಿಪಿ4822 ಡ್ಯಾಕ್. 12 ಬಿಟ್, ಅಂದರೆ 4,096 ಮೆಟ್ಟಿಲು. ಅದರ ಒಳಗಿನ 2.048 ವೋಲ್ಟ್ ರೆಫರೆನ್ಸನ್ನು (ಅಳತೆಗೋಲಾದ ಸ್ಥಿರ ವೋಲ್ಟೇಜ್) ಎರಡರಷ್ಟು ಮಾಡಿಕೊಂಡರೆ ಒಂದು ಮೆಟ್ಟಿಲಿಗೆ ಒಂದು ಮಿಲಿವೋಲ್ಟ್. ಸಾಮಾನ್ಯವಾಗಿ ಎಲ್ಲರೂ ಇದನ್ನು ಆಪ್-ಆಂಪ್ ಎಂಬ ಆಂಪ್ಲಿಫೈಯರ್ ಚಿಪ್‌ನಿಂದ ಹಿಗ್ಗಿಸಿ ಎಂಟು ವೋಲ್ಟ್ ಮಾಡಿಕೊಳ್ಳುತ್ತಾರೆ. ನಾನು ಹಿಗ್ಗಿಸಲಿಲ್ಲ. 49 ಕೀ ಎಂದರೆ ಕರೆಕ್ಟಾಗಿ ನಾಲ್ಕು ಸ್ಥಾಯಿ, ನಾಲ್ಕು ವೋಲ್ಟ್ ಸಾಕು. ಹಿಗ್ಗಿಸಿದರೆ ತಪ್ಪುಗಳೂ ಹಿಗ್ಗುತ್ತವೆ, ಮೇಲೆ ಎರಡು ರೆಸಿಸ್ಟರ್‌ಗಳ ತಪ್ಪು ಬೇರೆ.

ಈ ಚಿಪ್ ಪೂರ್ತಿ ಸೊನ್ನೆಗೆ ಇಳಿಯಲ್ಲ. ಡೇಟಾಶೀಟ್ ಪ್ರಕಾರ ಕೆಳಗಿನ ಹತ್ತು ಮಿಲಿವೋಲ್ಟ್ ಲೆಕ್ಕಕ್ಕಿಲ್ಲ. ಹಾಗಾಗಿ ಅತಿ ಕೆಳಗಿನ ಕೀಗೆ 50 ಮಿಲಿವೋಲ್ಟ್ ಕೊಟ್ಟು ಅಲ್ಲಿಂದ ಮೇಲೆ ಎಣಿಸುತ್ತೇನೆ. ಎಲ್ಲ ಸ್ವರವೂ ಒಂದೇ ಸಮ ಮೇಲೆ ಸರಿದರೆ ತೊಂದರೆ ಇಲ್ಲ, ಆಸಿಲೇಟರ್‌ನ ಟ್ಯೂನಿಂಗ್ ಗುಂಡಿ ತಿರುಗಿಸಿದರೆ ಆಯಿತು ಅಲ್ವಾ? ಅದಕ್ಕೇ ಡ್ಯಾಕ್‌ಗೂ ಜ್ಯಾಕ್‌ಗೂ ನಡುವಿನ ಬಫರ್‌ಗೆ, ಅಂದರೆ ವೋಲ್ಟೇಜನ್ನು ಹಿಗ್ಗಿಸದೆ ಹಾಗೇ ದಾಟಿಸುವುದಕ್ಕೆ, ಸಾದಾ ಟಿಎಲ್072 ಆಪ್-ಆಂಪ್ ಸಾಕಾಯಿತು. ಅದರ ಕೆಲವು ಮಿಲಿವೋಲ್ಟ್ ಆಫ್‌ಸೆಟ್ ಕೂಡ ಎಲ್ಲ ಸ್ವರಕ್ಕೂ ಒಂದೇ.

ಒಂದೇ ಸಮ ಇಲ್ಲದ ತಪ್ಪೇ ಅಪಾಯ. ಅದರಲ್ಲಿ ಮೊದಲನೆಯದು ಔಟ್‌ಪುಟ್‌ನ ಒಂದು ಕಿಲೋಓಮ್ ರೆಸಿಸ್ಟರ್. ಜ್ಯಾಕ್ ಶಾರ್ಟ್ ಆದರೆ ಚಿಪ್ ಉಳಿಯಲಿ ಎಂದು ಅದನ್ನು ಎಲ್ಲರೂ ಹಾಕುತ್ತಾರೆ. ಆಸಿಲೇಟರ್‌ನ ಇನ್‌ಪುಟ್ ಸಾಮಾನ್ಯವಾಗಿ 100 ಕಿಲೋಓಮ್. ಎರಡೂ ಸೇರಿದಾಗ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ವೋಲ್ಟೇಜ್ ಆ ರೆಸಿಸ್ಟರ್‌ನಲ್ಲೇ ಉಳಿದುಬಿಡುತ್ತದೆ. ಪ್ರತಿ ಸ್ಥಾಯಿಗೆ 12 ಸೆಂಟ್ ಇಳಿಕೆ, ನಾಲ್ಕನೇ ಸ್ಥಾಯಿಗೆ ಹೋಗುವಾಗ ಸುಮಾರು ಅರ್ಧ ಸ್ವರಸ್ಥಾನ. ಇನ್ನೊಂದು ಆಸಿಲೇಟರ್‌ಗೂ ಅದೇ ವೈರ್ ಕವಲು ಹಾಕಿದರೆ ಇಳಿಕೆ ದುಪ್ಪಟ್ಟು! ಒಂದಕ್ಕೆ ಶ್ರುತಿ ಮಾಡಿದ್ದು ಎರಡಕ್ಕೆ ಸುಳ್ಳಾಗುತ್ತದೆ. ಇದಕ್ಕೆ ಮದ್ದು ಸುಲಭ. ಆಪ್-ಆಂಪ್‌ನ ಫೀಡ್‌ಬ್ಯಾಕನ್ನು (ತನ್ನ ಔಟ್‌ಪುಟ್ಟನ್ನು ತಾನೇ ನೋಡಿಕೊಳ್ಳುವ ದಾರಿ) ರೆಸಿಸ್ಟರ್‌ನ ಆಚೆಯಿಂದ, ಜ್ಯಾಕ್ ಕಡೆಯಿಂದ, 10 ಕಿಲೋಓಮ್ ಮೂಲಕ ತೆಗೆದುಕೊಳ್ಳಿ. ಆಗ ಆಪ್-ಆಂಪ್ ತಾನೇ ಆ ನಷ್ಟ ತುಂಬಿಕೊಡುತ್ತದೆ. ಕಂಪಿಸದಿರಲಿ ಎಂದು ಔಟ್‌ಪುಟ್ ಕಾಲಿಗೂ ಮೈನಸ್ ಇನ್‌ಪುಟ್‌ಗೂ ನಡುವೆ 47 ಪಿಕೋಫ್ಯಾರಡ್. ಇಡೀ ಬೋರ್ಡಿನಲ್ಲಿ ನನಗೆ ಇಷ್ಟವಾದ ಜಾಗ ಇದೇ.

ಎರಡನೆಯದು ಡ್ಯಾಕ್‌ನದೇ ಸೊಟ್ಟ. ರೆಫರೆನ್ಸ್ ನೂರಕ್ಕೆ ಎರಡರಷ್ಟು ಅತ್ತಿತ್ತ ಇರಬಹುದು, ಮೆಟ್ಟಿಲುಗಳೂ ಪೂರ್ತಿ ಸಮ ಇರುವುದಿಲ್ಲ. ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಹಾಕುವ ಬದಲು ಕೋಡ್‌ನಲ್ಲೇ ತಿದ್ದಿದೆ. ಐದು ಜಾಗದಲ್ಲಿ, ಒಂದೊಂದು ವೋಲ್ಟ್ ಅಂತರದಲ್ಲಿ ಅಳೆದು, ಬೇಕಾದ ವೋಲ್ಟೇಜ್ ಯಾವ ಅಂಕಿಗೆ ಬರುತ್ತದೆ ಎಂದು ನ್ಯಾನೋದ ಈಪ್ರಾಮ್‌ನಲ್ಲಿ (ಪವರ್ ಹೋದರೂ ಅಳಿಯದ ಮೆಮೊರಿ) ಬರೆದಿಟ್ಟೆ. ನಡುವಿನದನ್ನು ಪ್ರೋಗ್ರಾಂ ಲೆಕ್ಕ ಹಾಕಿಕೊಳ್ಳುತ್ತದೆ. ಅಗ್ಗದ ಮೂರೂವರೆ ಅಂಕಿಯ ಮೀಟರ್ ಇದಕ್ಕೆ ಬರುವುದಿಲ್ಲ, ಎರಡು ವೋಲ್ಟ್ ದಾಟಿದರೆ ಹತ್ತು ಮಿಲಿವೋಲ್ಟ್‌ಗಿಂತ ಚಿಕ್ಕದನ್ನು ತೋರಿಸಲ್ಲ. ಆರು ವೋಲ್ಟ್‌ವರೆಗೆ ಒಂದೊಂದು ಮಿಲಿವೋಲ್ಟ್ ತೋರಿಸುವ 6,000 ಕೌಂಟ್‌ನ ಮೀಟರ್ ಬೇಕು. ಆ ಮೀಟರೇ ಅರ್ಧ ಪರ್ಸೆಂಟ್ ತಪ್ಪಿದ್ದರೂ ಪರವಾಗಿಲ್ಲ, ಎಲ್ಲ ಸ್ಥಾಯಿಗೂ ಅದೇ ಪ್ರಮಾಣದಲ್ಲಿ ತಪ್ಪುತ್ತದೆ. ಆಸಿಲೇಟರ್‌ನ ಸ್ಕೇಲ್ ಟ್ರಿಮ್ಮರ್ ಅದನ್ನು ನುಂಗಿಕೊಳ್ಳುತ್ತದೆ.

ಪವರ್ ರ‍್ಯಾಕ್‌ನಿಂದಲೇ: ಆಪ್-ಆಂಪ್‌ಗೆ ಪ್ಲಸ್ 12, ಮೈನಸ್ 12, ನ್ಯಾನೋಗೂ ಡ್ಯಾಕ್‌ಗೂ 7805 ರೆಗ್ಯುಲೇಟರ್‌ನಿಂದ ಐದು ವೋಲ್ಟ್. ರಿಬ್ಬನ್ ಕೇಬಲ್‌ನ ಕೆಂಪು ಗೆರೆ ಮೈನಸ್ 12ರ ಕಡೆ. ಕೆಂಪು ಎಂದರೆ ಪ್ಲಸ್ ಎಂದುಕೊಳ್ಳುವ ಅಭ್ಯಾಸ ನಮ್ಮೆಲ್ಲರದೂ, ಅದಕ್ಕೇ ಉಲ್ಟಾ ಚುಚ್ಚಿದರೂ ಸುಡದಿರಲಿ ಎಂದು ಪ್ಲಸ್, ಮೈನಸ್ ಎರಡೂ ಕಡೆ 1ಎನ್5817 ಡಯೋಡ್.

ಕೊನೆಗೆ ಪಿಚ್ ವ್ಹೀಲ್, ಕೀಬೋರ್ಡ್‌ನಲ್ಲಿ ಸ್ವರವನ್ನು ಬಾಗಿಸುವ ಚಕ್ರ. ಸಾಮಾನ್ಯವಾಗಿ ಅದಕ್ಕೆ ಕೊಡುವುದು ಎರಡು ಸ್ವರಸ್ಥಾನದ ಓಟ. ಸ ದಿಂದ ಮ ಕ್ಕೆ ಜಾರು ಹಾಕಲು ಐದು ಬೇಕು, ನಾನು ಐದೇ ಇಟ್ಟೆ. ಮಿಡಿಯಲ್ಲಿ ಈ ಸಂದೇಶ 14 ಬಿಟ್. ಆದರೆ ನನ್ನ ಕೀಬೋರ್ಡ್‌ನಂಥ ಅಗ್ಗದವು ಕಳಿಸುವುದು ಬರೀ 128 ಹೆಜ್ಜೆ. ಮೇಲಕ್ಕೂ ಕೆಳಕ್ಕೂ ಐದೈದು ಸ್ವರಸ್ಥಾನಕ್ಕೆ ಅದನ್ನು ಹರಡಿದರೆ ಹೆಜ್ಜೆಗೆ ಸುಮಾರು ಎಂಟು ಸೆಂಟ್, ಜಾರು ಹೋಗಿ ಮೆಟ್ಟಿಲಿಳಿದ ಹಾಗೆ ಕೇಳಿಸುತ್ತದೆ. ಅದಕ್ಕೆ ಪ್ರತಿ ಮಿಲಿಸೆಕೆಂಡಿಗೆ ಗುರಿಯ ಕಡೆ ಸ್ವಲ್ಪ ಸ್ವಲ್ಪ ಸರಿಯುವಂತೆ ಕೋಡ್ ಬರೆದೆ. ಇದು ವ್ಹೀಲ್‌ಗೆ ಮಾತ್ರ. ಕೀಗಳಿಗೂ ಹಾಕಿದರೆ ಪ್ರತಿ ಸ್ವರವೂ ಜಾರಿಕೊಂಡೇ ಬರುತ್ತದೆ. ಅದೂ ಬೇಕೆನಿಸಿದಾಗ ಇರಲಿ ಎಂದು ಮುಂದಿನ ಪ್ಯಾನೆಲ್‌ನಲ್ಲಿ ಒಂದು ಸ್ವಿಚ್ ಕೊಟ್ಟಿದ್ದೇನೆ.