ಮಳೆಗಾಲ ದಾಟುವ ಸೇವಂತಿಗೆ: ಶಿರಸಿ, ಕಾರವಾರದ ಹಿತ್ತಲಿಗೆ

ಹಿಮ ಬೀಳುವ ದೇಶಗಳಲ್ಲಿ ಗಟ್ಟಿ ಸೇವಂತಿಗೆ ಅಂದರೆ ಚಳಿಗೆ ಬುಡ ಸಾಯದೆ ಮತ್ತೆ ಚಿಗುರುವ ಗಿಡ. ಉತ್ತರ ಕನ್ನಡದಲ್ಲಿ ಪರೀಕ್ಷೆ ಬೇರೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಶಿರಸಿಯಲ್ಲೂ 2000 ದಾಟುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಲ್ಲಿ ಸೇವಂತಿಗೆ ಸಾಯುವುದು ಹೆಚ್ಚಾಗಿ ಬೇರು ಕೊಳೆತು. ಆದ್ದರಿಂದ ಬಣ್ಣ ನೋಡಿ ತಳಿ ಆರಿಸುವ ಮೊದಲು ನೀರು ನಿಲ್ಲದ, ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಜಾಗ ಆರಿಸಿ. ಅಡಿಕೆ ತೋಟದ ನೆರಳು ಇದಕ್ಕೆ ಆಗುವುದಿಲ್ಲ. ಗಿಡ ಸೊರಗಿ ಉದ್ದವಾಗುತ್ತದೆ, ಹೂ ಬಿಡುವುದಿಲ್ಲ.

ಯಾವ ತಳಿ?

ಮಾಲೆಗೆ, ಪೂಜೆಗೆ ಬಿಡಿ ಹೂ ಬೇಕಾದವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಮೊದಲು ನೋಡಬೇಕು. ಹಳದಿಗೆ ಇಂದಿರಾ, ಉಷಾ ಕಿರಣ, ಅರ್ಕಾ ಸ್ವರ್ಣ, ಬಿಳಿಗೆ ಕೀರ್ತಿ. ತಮಿಳುನಾಡು ಕಡೆಯ ಎಂಡಿಯು-1 ಕೂಡ ಹಳದಿ ಹೂವಿನ ತಳಿ. ಮನೆಯ ಅಂಗಳದಲ್ಲಿ ವರ್ಷಗಟ್ಟಲೆ ಉಳಿದು ಬಂದ ನಾಟಿ ಸೇವಂತಿಗೆ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಹೂ ಸಣ್ಣದಿರಬಹುದು, ಆದರೆ ಆ ಬುಡ ನಮ್ಮ ಮಳೆಯನ್ನು ಹತ್ತಾರು ಸಲ ದಾಟಿದ್ದು. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರೆ ಇಲ್ಲ.

ಹೂವಿನ ಆಕಾರಕ್ಕೂ ಮಳೆಗೂ ಸಂಬಂಧವಿದೆ. ಚೆಂಡಿನಂತೆ ಒತ್ತಾಗಿ ಎಸಳು ತುಂಬಿದ ಹೂ ಅಕ್ಟೋಬರ್‌ನ ಹಿಂಗಾರು ಮಳೆಯನ್ನು ಸ್ಪಂಜಿನಂತೆ ಹೀರಿಕೊಂಡು ಒಳಗಿನಿಂದ ಕಂದುತ್ತದೆ. ಒಂದೆರಡು ಸುತ್ತು ಎಸಳಿನ ಹೂವಿನಿಂದ ನೀರು ಜಾರಿ ಹೋಗುತ್ತದೆ. ಕರಾವಳಿಯ ಬಯಲು ಅಂಗಳಕ್ಕೆ ಗಿಡ್ಡ, ಗಟ್ಟಿ ಕಾಂಡದ, ಸಡಿಲ ಎಸಳಿನ ತಳಿಯೇ ಸರಿ. ದೊಡ್ಡ ಚೆಂಡಿನ ಹೂ ಬೇಕೇ ಬೇಕು ಅನ್ನುವವರು ಘಟ್ಟದ ಮೇಲೆ, ಮಾಡಿನ ಕೆಳಗೆ ಬೆಳೆಸಬಹುದು. ಎರಡೂ ಕಡೆ ಬೇಗ ಹೂ ಬಿಡುವುದಕ್ಕಿಂತ ಡಿಸೆಂಬರ್‌ನಲ್ಲಿ ಅರಳುವ ತಡ ತಳಿ ನೆಮ್ಮದಿ ಕೊಡುತ್ತದೆ.

ನರ್ಸರಿಯ ಪುಟ್ಟ ಪಾಟಿನಲ್ಲಿ ಗುಂಡಗೆ ಹೂ ತುಂಬಿಕೊಂಡ ಕುಳ್ಳ ಗಿಡದ ಬಗ್ಗೆ ಒಂದು ಮಾತು. ಅಂಥವನ್ನು ಬಹಳ ಸಲ ಬೆಳವಣಿಗೆ ತಡೆಯುವ ಔಷಧಿ ಹೊಡೆದು ಕುಳ್ಳಗೆ ಇಟ್ಟಿರುತ್ತಾರೆ. ಅದರ ಮರಿ ಮುಂದಿನ ವರ್ಷ ಎರಡು ಪಟ್ಟು ಎತ್ತರವಾದರೆ ತಪ್ಪು ನಿಮ್ಮದಲ್ಲ.

ಕುಡಿ ಕತ್ತರಿಸುವುದು

ಮೇ ಮೊದಲ ಎರಡು ವಾರ, ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಯಬೇಕು. ತಾಯಿಗಿಡದ ತುದಿಯಿಂದ 5ರಿಂದ 7 ಸೆಂ.ಮೀ. ಉದ್ದದ, ಮೊಗ್ಗಿಲ್ಲದ ಕುಡಿ ತೆಗೆಯಿರಿ. ಹದ ತಿಳಿಯಲು ಕುಡಿಯನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ. ಬೀನ್ಸ್ ಮುರಿದಂತೆ ಟಕ್ಕೆಂದು ಮುರಿದರೆ ಸರಿಯಾದ ಹದ. ದಾರದಂತೆ ಬಾಗಿದರೆ ತೀರಾ ಎಳೆಯದು. ನಾರು ಜಗ್ಗಿಕೊಂಡು ಸೀಳಿದರೆ ಬಲಿತದ್ದು, ಬೇರು ಬಿಡಲು ಸತಾಯಿಸುತ್ತದೆ. ಕೆಳಗಿನ ಎಲೆ ಕಿತ್ತು, ಗೆಣ್ಣಿನ ಕೆಳಗೆ ಕತ್ತರಿಸಿ, ತೊಳೆದ ಮರಳಿನಲ್ಲಿ ಎರಡು ಸೆಂ.ಮೀ. ಆಳಕ್ಕೆ ಊರಿ. ನೆರಳಲ್ಲಿಟ್ಟು ಮರಳು ಹಸಿಯಾಗಿರುವಂತೆ ನೋಡಿಕೊಂಡರೆ ಎರಡು ಮೂರು ವಾರಕ್ಕೆ ಬೇರು. ಬುಡದಿಂದ ಎದ್ದ ಮರಿಗಳನ್ನು ಬೇರುಸಹಿತ ಬಿಡಿಸಿಯೂ ನೆಡಬಹುದು, ಸುಲಭ. ಆದರೆ ಹಳೆಯ ಮಣ್ಣಿನ ಜಂತುಹುಳು, ಕೊಳೆ ಜೊತೆಯಲ್ಲೇ ಬರುತ್ತವೆ. ಕುಡಿಯೇ ಮೇಲು.

ಕಾರವಾರ, ಕುಮಟಾ, ಹೊನ್ನಾವರದವರು ಮರಳಿನ ವಿಷಯದಲ್ಲಿ ಎಚ್ಚರ ಇರಬೇಕು. ಕಡಲ ದಂಡೆಯದು ಬೇಡ, ಅಳಿವೆ ಹತ್ತಿರದ ಹೊಳೆಯದೂ ಬೇಡ, ಎರಡರಲ್ಲೂ ಉಪ್ಪಿರುತ್ತದೆ.

ಮಣ್ಣು ಮತ್ತು ಮಾಡು

ಹತ್ತು ಇಂಚಿನ ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಎರಡು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಮುಷ್ಟಿ ಬೇವಿನ ಹಿಂಡಿ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗಿರುತ್ತದೆ. ಕುಂಡಕ್ಕೆ ಒಂದು ಟೀ ಚಮಚ ಕೃಷಿ ಸುಣ್ಣ ಬೆರೆಸಿ ಮೂರು ವಾರ ಬಿಟ್ಟು ಆಮೇಲೆ ನೆಡಿ. ಕಳಿಯದ ಸಗಣಿ ಹಾಕಿದರೆ ಬಿಸಿಯಾಗಿ ಎಳೆ ಬೇರು ಸುಡುತ್ತದೆ.

ಬೇರು ಬಂದ ಸಸಿ ಜೂನ್‌ನಲ್ಲಿ ನರ್ಸರಿ ಕೊಟ್ಟೆಗೆ, ಆಗಸ್ಟ್ ಕೊನೆಗೆ ಕುಂಡಕ್ಕೆ. ಆವರೆಗೆ ಸಸಿಗಳಿಗೆ ಮಾಡು ಬೇಕು: ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಚೌಕಟ್ಟು, ಮೇಲೆ 200 ಮೈಕ್ರಾನ್ ಪಾರದರ್ಶಕ ಹಾಳೆ, ಒಂದೇ ಕಡೆ ಇಳಿಜಾರು, ನಾಲ್ಕೂ ಬದಿ ತೆರೆದೇ ಇರಬೇಕು. ಗಾಳಿ ಆಡದಿದ್ದರೆ ಮಳೆಯಿಂದ ಉಳಿದ ಸಸಿ ಬೂಸಿಗೆ ಹೋಗುತ್ತದೆ. ನೆಲದಲ್ಲಿ ನೆಡುವವರು ಸೆಪ್ಟೆಂಬರ್‌ವರೆಗೆ ಕಾದು, ಒಂದಡಿ ಎತ್ತರ, ಮೂರಡಿ ಅಗಲದ ಏರುಮಡಿ ಮಾಡಿ, ಸುತ್ತ ಬಸಿಗಾಲುವೆ ತೆಗೆದು, 30 ಸೆಂ.ಮೀ. ಅಂತರದಲ್ಲಿ ನೆಡಿ. ಮೇಲೆ ಎರಡು ಇಂಚು ದರಕು (ಒಣಗಿದ ಎಲೆ) ಹೊದಿಸಿ, ಕಾಂಡಕ್ಕೆ ತಾಗದಂತೆ. ಎಲೆಚುಕ್ಕೆ ರೋಗ ಮಣ್ಣಿನ ಸಿಡಿತದಿಂದಲೇ ಅಡಿಯ ಎಲೆಗೆ ಹತ್ತುವುದು. ದರಕು ಆ ಸಿಡಿತ ತಡೆಯುತ್ತದೆ.

ಗೇಣುದ್ದದ ಗಿಡದಲ್ಲೇ ಮೊಗ್ಗು ಯಾಕೆ?

ಸೇವಂತಿಗೆ ರಾತ್ರಿಯನ್ನು ಅಳೆಯುವ ಗಿಡ. ಹೆಚ್ಚಿನ ತಳಿಗಳಿಗೆ ಹಗಲು ಸುಮಾರು 13.5 ಗಂಟೆಗಿಂತ ಕಡಿಮೆಯಾದರೆ ಮೊಗ್ಗು ಕಟ್ಟುವ ಸೂಚನೆ. ಕಾರವಾರದಲ್ಲಿ ಜೂನ್‌ನ ಅತಿ ಉದ್ದದ ಹಗಲೇ ಸುಮಾರು 13 ಗಂಟೆ! ಹಾಗಾಗಿ ತಡವಾಗಿ ನೆಟ್ಟ ಗಿಡ ಬೆಳೆಯುವುದನ್ನು ಬಿಟ್ಟು ಗೇಣುದ್ದಕ್ಕೇ ಹೂವಿಗೆ ನಿಲ್ಲುತ್ತದೆ. ಬಯಲುಸೀಮೆಯ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬ್ ಉರಿಸುವುದು ಇದೇ ಕಾರಣಕ್ಕೆ.

ಮನೆಯಲ್ಲೂ ಮಾಡಬಹುದು. ಹತ್ತು ಕುಂಡಗಳನ್ನು ಒತ್ತಾಗಿ ಇಟ್ಟು, ನಾಲ್ಕೈದು ಅಡಿ ಮೇಲೆ 9 ವಾಟ್‌ನ ಒಂದು ಎಲ್‌ಇಡಿ ಬಲ್ಬ್ ಕಟ್ಟಿ, ರಾತ್ರಿ ಹತ್ತರಿಂದ ಎರಡರವರೆಗೆ ಉರಿಸಿ. ಉದ್ದದ ಕತ್ತಲು ನಡುವೆ ಕಡಿದರೆ ಸಾಕು, ಗಿಡ ಮೊಗ್ಗು ಮರೆತು ಬೆಳೆಯುತ್ತದೆ. ದೀಪ ನಿಲ್ಲಿಸಿದ ಮೇಲೆ ತಳಿ ನೋಡಿಕೊಂಡು ಎಂಟರಿಂದ ಹತ್ತು ವಾರಕ್ಕೆ ಹೂ. ದೀಪಾವಳಿಗೆ ಹೂ ಬೇಕಾದರೆ ಅದಕ್ಕೆ ಸರಿಯಾಗಿ ಹಿಂದೆ ಎಣಿಸಿ; ಕರಾವಳಿಯಲ್ಲಿ ರಾತ್ರಿಯ ಸೆಕೆ ಹೂವನ್ನು ತಡಮಾಡುವುದರಿಂದ ಒಂದು ವಾರ ಹೆಚ್ಚಿಗೆ ಹಿಡಿಯಿರಿ. ಇದರ ಇನ್ನೊಂದು ಮುಖವೂ ಇದೆ. ಜಗಲಿ ದೀಪದ ಅಥವಾ ಬೀದಿ ದೀಪದ ಬೆಳಕು ಬೀಳುವಲ್ಲಿಟ್ಟ ಗಿಡ ಡಿಸೆಂಬರ್‌ನಲ್ಲೂ ಬರೀ ಎಲೆಯಾಗಿ ನಿಂತಿರುತ್ತದೆ. ಗೊಬ್ಬರ ಹೆಚ್ಚಿಸಿ ಫಲವಿಲ್ಲ, ಕುಂಡ ಕತ್ತಲೆಗೆ ಸರಿಸಿ.

ಗಿಡ ಆರು ಇಂಚು ಆದಾಗ ತುದಿಯ ಒಂದು ಇಂಚು ಚಿವುಟಿ. ಮೂರು ವಾರ ಬಿಟ್ಟು ಕವಲುಗಳ ತುದಿಯನ್ನೂ ಚಿವುಟಿ. ದೀಪ ನಿಲ್ಲಿಸಿದ ಮೇಲೆ ಚಿವುಟಬೇಡಿ, ಚಿವುಟಿದರೆ ಮೊಗ್ಗೇ ಹೋಯಿತು. ಹದಿನೈದು ದಿನಕ್ಕೊಮ್ಮೆ ಲೀಟರ್‌ಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ), ಇಲ್ಲವೇ ಹತ್ತು ಪಟ್ಟು ನೀರು ಬೆರೆಸಿದ ಗೋಮೂತ್ರ. ಮೊಗ್ಗು ಬಣ್ಣ ತೋರಿದಾಗ ನಿಲ್ಲಿಸಿ. ಆಸರೆಗೆ ಅಡಿಕೆ ದಬ್ಬೆ ಸೀಳು, ಕಟ್ಟಲು ಬಾಳೆ ನಾರು.

ಏನು ಕೆಡುತ್ತದೆ

ಮಧ್ಯಾಹ್ನ ಗಿಡ ಬಾಡಿದೆ, ಮಣ್ಣು ಮಾತ್ರ ಹಸಿಯಾಗಿದೆ: ಇಲ್ಲಿ ಎಲ್ಲರೂ ಮಾಡುವ ತಪ್ಪು ಮತ್ತಷ್ಟು ನೀರು ಹಾಕುವುದು. ಕುಂಡ ಬೋರಲು ಹಾಕಿ ಬೇರು ನೋಡಿ. ಬೆಳ್ಳಗೆ, ಗರಿಗರಿಯಾಗಿದ್ದರೆ ತೊಂದರೆ ಬೇರೆ. ಕಂದಾಗಿದ್ದು, ಬೆರಳಲ್ಲಿ ಎಳೆದಾಗ ಸಿಪ್ಪೆ ಕಳಚಿ ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಅದು ಬೇರುಕೊಳೆ. ಆ ಗಿಡ ಉಳಿಯುವುದಿಲ್ಲ. ತುದಿ ಇನ್ನೂ ಚೆನ್ನಾಗಿದ್ದರೆ ಒಂದು ಕುಡಿ ಉಳಿಸಿಕೊಳ್ಳಿ. ಪಕ್ಕದ ಕುಂಡಗಳಿಗೆ ಲೀಟರ್‌ಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬುಡಕ್ಕೆ ಹೊಯ್ಯಿರಿ.

ಅಡಿ ಎಲೆಯಲ್ಲಿ ಕಪ್ಪು ಚುಕ್ಕೆ ಮೂಡಿ ಮೇಲೇರುತ್ತಿದ್ದರೆ ಎಲೆ ಕಿತ್ತು ಸುಟ್ಟು, ಮ್ಯಾಂಕೋಜೆಬ್ 2 ಗ್ರಾಂ ಲೀಟರ್‌ಗೆ. ಕುಡಿಯಲ್ಲಿ ಕಪ್ಪು ಹೇನು ಮುತ್ತಿದರೆ ಲೀಟರ್‌ಗೆ ಬೇವಿನೆಣ್ಣೆ 5 ಮಿ.ಲೀ., ಸೋಪಿನ ನೀರಿನೊಂದಿಗೆ, ಸಂಜೆ ಹೊತ್ತು. ಶಿರಸಿಯ ಇಬ್ಬನಿ ಬೀಳುವ ಬೆಳಗುಗಳಲ್ಲಿ ಹೂ ಕೊಯ್ಯುವುದು ಎಸಳು ಆರಿದ ಮೇಲೆ. ಒದ್ದೆ ಹೂ ಬುಟ್ಟಿಯಲ್ಲೇ ಕಪ್ಪಾಗುತ್ತದೆ.

ಹೂ ಮುಗಿದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಚೆನ್ನಾಗಿ ಹೂ ಕೊಟ್ಟ ಎರಡು ಮೂರು ಗಿಡಗಳನ್ನು ಮಾತ್ರ ತಾಯಿಗಿಡವಾಗಿ ಉಳಿಸಿ. ಬೇಸಿಗೆಯಲ್ಲಿ ಅರೆನೆರಳು ಬೇಕು. ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಪಕ್ಕದ ಮನೆಗಳಲ್ಲಿ ಏಪ್ರಿಲ್‌ಗೆ ಬಾವಿ ನೀರು ಸವುಳಾಗುತ್ತದೆ, ಎಲೆಯ ಅಂಚು ಸುಟ್ಟಂತೆ ಕಂಡರೆ ಆ ನೀರು ನಿಲ್ಲಿಸಿ. ಮೇ ತಿಂಗಳಿಗೆ ಈ ಬುಡದ ಕುಡಿಗಳೇ ಬೇಕು, ಆದ್ದರಿಂದ ಇರುವ ಸಿಹಿನೀರಲ್ಲಿ ಮೊದಲ ತಂಬಿಗೆ ತಾಯಿಗಿಡಕ್ಕೆ.