ಬ್ಲೋವರ್ ಮೋಟಾರ್‌ಗೆ ಸೆನ್ಸರ್ ಕೂರಿಸಿದ ಮೇಲೆ

ಸಣ್ಣ ಕಾರ್ಖಾನೆಯಲ್ಲಿ ಯಂತ್ರ ಕೆಡುವ ಮುಂಚೆ ತಿಳಿಯಬೇಕು ಅಂದರೆ ಲಕ್ಷಗಟ್ಟಲೆ ಬೆಲೆಯ ಸಾಫ್ಟ್‌ವೇರ್ ಬೇಕಿಲ್ಲ. ನಾವು ಶುರು ಮಾಡಿದ್ದು 2 ಎಚ್‌ಪಿ, 1440 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಬ್ಲೋವರ್ ಮೋಟಾರ್‌ಗಳಿಂದ. ಪ್ರತಿ ಮೋಟಾರ್‌ಗೂ ರೀಡಿಂಗ್ ಓದುವ ಪುಟ್ಟ ಕಂಪ್ಯೂಟರ್ ಆದ ಒಂದು ಇಎಸ್‌ಪಿ32 ಬೋರ್ಡ್, ಎಡಿಎಕ್ಸ್‌ಎಲ್345 ಕಂಪನ ಸೆನ್ಸರ್, ಒಂದು ಫೇಸ್ ವೈರಿಗೆ ಕರೆಂಟ್ ಅಳೆಯುವ ಸಿಟಿ ಕ್ಲ್ಯಾಂಪ್, ಅಷ್ಟೇ.

ಅರ್ಧ ಕೆಲಸ ಇರುವುದು ಸೆನ್ಸರ್ ಕೂರಿಸುವುದರಲ್ಲಿ. ಫ್ಯಾನ್ ಕವರ್ ಮೇಲೆ ಅಂಟಿಸಿದರೆ ಆ ತಗಡಿನ ಗಡಗಡವೇ ಗ್ರಾಫಿನ ತುಂಬ. ಬೆಲ್ಟ್ ಕಡೆಯ ಬೇರಿಂಗ್ ಕೂತಿರುವ ಎಂಡ್ ಶೀಲ್ಡ್ (ಮೋಟಾರಿನ ತುದಿಯ ಮುಚ್ಚಳ) ಮೇಲೆ, ಶಾಫ್ಟಿಗೆ ಅಡ್ಡವಾಗಿ ಇಡಬೇಕು. ಅಲ್ಲಿನ ಪೇಂಟ್ ಕೆರೆದು, ಎಮರಿ ಕಾಗದದಿಂದ ಉಜ್ಜಿ, ಎಪಾಕ್ಸಿ ಹಾಕುತ್ತೇವೆ. ಡಬಲ್ ಸೈಡ್ ಟೇಪ್ ಬೇಡ: ಬಿಸಿಗೆ ಮೆತ್ತಗಾಗಿ ಕಂಪನವನ್ನೇ ನುಂಗಿಬಿಡುತ್ತದೆ. ಸೆನ್ಸರನ್ನು ಬೋರ್ಡಿಗೆ ಜೋಡಿಸಲು ಎಸ್‌ಪಿಐ, ಐ2ಸಿ ಎಂಬ ಎರಡು ದಾರಿಗಳಿವೆ; ವೈರಿಂಗ್ ಎಸ್‌ಪಿಐ ಮೂಲಕ ಮಾಡಿ. ಐ2ಸಿಯಲ್ಲಿ ಸೆಕೆಂಡಿಗೆ 3200 ರೀಡಿಂಗ್ ಬರುವುದಿಲ್ಲ.

ಇನ್ನು ಲೆಕ್ಕ. 1440 ಆರ್‌ಪಿಎಂ ಅಂದರೆ ಸೆಕೆಂಡಿಗೆ 24 ಸುತ್ತು. ಈ ಮೋಟಾರ್‌ಗಳಲ್ಲಿ ಇರುವ 6205 ಬೇರಿಂಗ್‌ನ ಹೊರ ರಿಂಗ್‌ನಲ್ಲಿ ಗುಂಡಿ ಬಿದ್ದರೆ ಸುಮಾರು 86 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 86 ಸಲ), ಒಳ ರಿಂಗ್‌ನಲ್ಲಿ ಬಿದ್ದರೆ 130ರ ಹತ್ತಿರ ಗ್ರಾಫ್ ಮೇಲೇಳುತ್ತದೆ. ಲೋಡ್ ಹೆಚ್ಚು ಕಡಿಮೆಯಾದಂತೆ ವೇಗವೂ ಸ್ವಲ್ಪ ಬದಲಾಗುವುದರಿಂದ ಆಚೀಚೆ ಮೂರ್ನಾಲ್ಕು ಹರ್ಟ್ಸ್ ಬಿಟ್ಟು ನೋಡಬೇಕು. 24ರಲ್ಲೇ ಎದ್ದರೆ ಬೇರಿಂಗ್ ಬೈಯಬೇಡಿ, ಮೋಟಾರ್ ಶಾಫ್ಟ್ ಜೊತೆ ತಿರುಗುವ ಭಾಗದ ತೂಕ ಸಮತೋಲ ತಪ್ಪಿರಬಹುದು. ಮೋಟಾರ್ ವೇಗ ಏರಿಸಿ ಇಳಿಸುವ ವಿಎಫ್‌ಡಿ ಇರುವ ಕಡೆ ಈ ಅಂಕಿಗಳು ನಿಲ್ಲುವುದಿಲ್ಲ. ಮಾಡ್‌ಬಸ್ ಎಂಬ ಡೇಟಾ ಸಂಪರ್ಕದಿಂದ ವಿಎಫ್‌ಡಿಯ ವೇಗ ಓದಿಕೊಂಡು, ಇದೇ ಅನುಪಾತದಲ್ಲಿ ಗುಣಿಸಬೇಕು.

ಒಟ್ಟು ಕಂಪನಕ್ಕೆ ಐಎಸ್‌ಒ 10816 ಎಂಬ ಹಳೆಯ ಅಂತರರಾಷ್ಟ್ರೀಯ ಮಾನದಂಡದ (ಈಗ ಅದರ ಜಾಗದಲ್ಲಿ ಐಎಸ್‌ಒ 20816 ಇದೆ) ಮಿತಿ ಇಟ್ಟುಕೊಂಡಿದ್ದೇವೆ. ಸಣ್ಣ ಮೋಟಾರ್‌ಗೆ ಸೆಕೆಂಡಿಗೆ 1.8 ಮಿಮೀ ದಾಟಿದರೆ ಎಚ್ಚರಿಕೆ, 4.5 ದಾಟಿದರೆ ನಿಲ್ಲಿಸುವುದು. ಸುಳ್ಳು ಅಲಾರಂ ಹೆಚ್ಚು ಬರುವುದು ಸ್ಟಾರ್ಟ್ ಆಗುವಾಗ, ಇಲ್ಲವೇ ಮೋಟಾರ್ ನಿಂತಿರುವಾಗ ಫೋರ್ಕ್‌ಲಿಫ್ಟ್ ಪಕ್ಕದಲ್ಲಿ ಹೋದಾಗ. ಅದಕ್ಕೇ ಸಿಟಿ: ಕರೆಂಟ್ ಹರಿಯುತ್ತಿದ್ದು, ಸ್ಟಾರ್ಟ್ ಆಗಿ 30 ಸೆಕೆಂಡ್ ಕಳೆದಿದ್ದರೆ ಮಾತ್ರ ರೀಡಿಂಗ್ ಲೆಕ್ಕಕ್ಕೆ. ಒಂದು ಮಿತಿ ನೆನಪಿರಲಿ. ಈ ಸೆನ್ಸರ್‌ಗೆ 1600 ಹರ್ಟ್ಸ್‌ಗಿಂತ ಮೇಲೆ ಕಾಣುವುದಿಲ್ಲ, ಬೇರಿಂಗ್ ಸವೆತದ ಮೊದಲ ಸುಳಿವು ಇರುವುದು ಅಲ್ಲೇ. ಬ್ಲೋವರ್‌ಗೆ ಸಾಕು, ಸಿಎನ್‌ಸಿ ಸ್ಪಿಂಡಲ್‌ಗೆ ಸಾಲದು.

ಬರೀ ಅಲಾರಂ ಬಂದರೆ ಹೊಸ ಹುಡುಗರು ಸೂಪರ್‌ವೈಸರ್ ಮುಖ ನೋಡುತ್ತಾರೆ. ಹಾಗಾಗಿ ಪ್ರತಿ ಮೋಟಾರ್ ಮೇಲೆ ಕ್ಯೂಆರ್ ಸ್ಟಿಕರ್, ಸ್ಕ್ಯಾನ್ ಮಾಡಿದರೆ ಕನ್ನಡದಲ್ಲಿ ಒಂದೂವರೆ ನಿಮಿಷದ ವಿಡಿಯೊ. ಮೊದಲ ದೃಶ್ಯ ಐಸೊಲೇಟರ್ (ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ ಬೀಗ ಹಾಕುವುದು. ಆಮೇಲೆ ಪುಲ್ಲರ್‌ನಿಂದ ಹಳೆಯ ಬೇರಿಂಗನ್ನು ಎಳೆಯುವುದು. ಕ್ಯಾಮೆರಾ ತೀರ ಹತ್ತಿರ ಹೋಗುವುದು ಒಂದೇ ಕಡೆ: ಒಳ ರಿಂಗ್‌ಗೆ ಮಾತ್ರ ತಾಗುವ ಪೈಪ್ ತುಂಡು ಇಟ್ಟು, ಹೊಸ ಬೇರಿಂಗನ್ನು ಶಾಫ್ಟಿಗೆ ನೇರವಾಗಿ ಕೂರಿಸುವ ಕಡೆ. ಹೊರ ರಿಂಗ್‌ಗೆ ಸುತ್ತಿಗೆ ಬಿದ್ದರೆ ಪೆಟ್ಟೆಲ್ಲ ಗುಂಡುಗಳ ಮೂಲಕ ಹಾದು ಟ್ರ್ಯಾಕ್‌ನಲ್ಲಿ ಸಣ್ಣ ಸಣ್ಣ ತಗ್ಗು ಮಾಡುತ್ತದೆ. ಎರಡೂ ಕಡೆ ಮುಚ್ಚಳ ಇರುವ ಝಡ್‌ಝಡ್ ಬೇರಿಂಗ್‌ಗೆ ಗ್ರೀಸ್ ತುಂಬಬೇಡಿ ಅನ್ನುವುದನ್ನೂ ವಿಡಿಯೊದಲ್ಲೇ ಹೇಳುತ್ತೇವೆ.

ಕಲಿತದ್ದಕ್ಕೆ ಪರೀಕ್ಷೆ ಬೇರೆ ಇಲ್ಲ. ಬೇರಿಂಗ್ ಬದಲಿಸಿ ಮೋಟಾರ್ ಓಡಿಸಿದ ಮೊದಲ ಪಾಳಿಯಲ್ಲೇ 86ರ ಹತ್ತಿರ ಗೆರೆ ಎದ್ದರೆ, ಪೈಪ್ ತುಂಡು ಟೂಲ್ ಬಾಕ್ಸ್‌ನಲ್ಲಿ ಇತ್ತೇ ಎಂದು ಮೊದಲು ಕೇಳುತ್ತೇವೆ.