ಆಫೀಸಿನ ಆರೋಗ್ಯ ನ್ಯೂಸ್‌ಲೆಟರ್: ಈ ತಿಂಗಳು ಏನು ಬರೆಯುವುದು?

ಹಿಂದೆ ಒಂದು ಕಡೆ ಕೆಲಸ ಮಾಡುತ್ತಿದ್ದಾಗ ನೌಕರರ ಆರೋಗ್ಯದ ನ್ಯೂಸ್‌ಲೆಟರ್ ನನ್ನ ಪಾಲಿಗೆ ಬಂದಿತ್ತು. ಎರಡನೇ ಸಂಚಿಕೆಯಲ್ಲಿ ಬೆಳಗಿನ ನಡಿಗೆಯ ಬಗ್ಗೆ ಬರೆದೆ. ಎರಡು ದಿನ ಬಿಟ್ಟು ರಾತ್ರಿ ಪಾಳಿಯವರೊಬ್ಬರು ಎದುರಿಗೆ ಸಿಕ್ಕಿ, "ಮೇಡಂ, ನಾನು ಮನೆ ಸೇರೋದೇ ಬೆಳಗ್ಗೆ ಏಳಕ್ಕೆ. ಹಗಲು ಹೊತ್ತು ನಿದ್ದೆ ಬರೋಕೆ ಏನಾದ್ರೂ ಬರೀರಿ" ಅಂದರು. ವಿಷಯ ಎಲ್ಲಿ ಹುಡುಕಬೇಕು ಅಂತ ನನಗೆ ಗೊತ್ತಾಗಿದ್ದು ಆವತ್ತು.

ಹಾಗಾಗಿ ಮೊದಲ ಕೆಲಸ, ನಿಮ್ಮಲ್ಲಿ ಯಾರ ದಿನ ಹೇಗೆ ಕಳೆಯುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಇಡೀ ದಿನ ಕೂರುವವರು ಯಾರು, ನಿಲ್ಲುವವರು ಯಾರು, ಭಾರ ಎತ್ತುವವರು, ಹೆಡ್‌ಫೋನ್ ಹಾಕಿಕೊಂಡೇ ಇರುವವರು, ಗಾಡಿ ಓಡಿಸುವವರು, ಪಾಳಿಯಲ್ಲಿ ಬರುವವರು. ನ್ಯೂಸ್‌ಲೆಟರ್ ಮಾಡುವವರು ಸಾಮಾನ್ಯವಾಗಿ ಕಂಪ್ಯೂಟರ್ ಮುಂದೆ ಕೂರುವವರೇ ಆಗಿರುತ್ತಾರೆ, ಅದಕ್ಕೇ ಕೂತು ಕೆಲಸ ಮಾಡುವವರ ಬೆನ್ನುನೋವಿಗೆ ಸಿಗುವಷ್ಟು ಜಾಗ ನಿಂತು ಕೆಲಸ ಮಾಡುವವರ ಕಾಲುನೋವಿಗೆ ಸಿಗುವುದಿಲ್ಲ.

ಆಮೇಲೆ ಕೇಳಿ. ಆದರೆ "ನಿಮಗೆ ಯಾವ ವಿಷಯ ಬೇಕು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಯೋಗ, ಆಹಾರ, ಒತ್ತಡ ಅಂತ ಬರೆದು ಕೊಟ್ಟುಬಿಡುತ್ತಾರೆ. ಎರಡೇ ಪ್ರಶ್ನೆ ಸಾಕು: ಕೆಲಸ ಮುಗಿಯುವ ಹೊತ್ತಿಗೆ ಮೈಯಲ್ಲಿ ಎಲ್ಲಿ ನೋಯುತ್ತದೆ? ಆರೋಗ್ಯದ ಯಾವ ವಿಷಯ ಯಾರ ಹತ್ತಿರ ಕೇಳಬೇಕು ಅಂತ ನಿಮಗೆ ಗೊತ್ತಾಗುತ್ತಿಲ್ಲ? ಹೆಸರು ಬರೆಸಬೇಡಿ. ಇಮೇಲ್ ಇಲ್ಲದವರಿಗೆ ಚೀಟಿ, ಒಂದು ಡಬ್ಬಿ ಇಡಿ. ಒಂದು ವಿಭಾಗದಲ್ಲಿ ಮೂರೇ ಜನ ಇದ್ದರೆ ವಿಭಾಗದ ಹೆಸರನ್ನೂ ಕೇಳಬೇಡಿ, ಯಾರು ಬರೆದರು ಅಂತ ಸುಲಭವಾಗಿ ಗೊತ್ತಾಗಿಬಿಡುತ್ತದೆ ಅಲ್ವಾ?

ಎರಡನೇ ಪ್ರಶ್ನೆಗೆ ಬರುವ ಉತ್ತರಗಳನ್ನು ಚೆನ್ನಾಗಿ ಓದಿ. ವಿಮೆಯಲ್ಲಿ ಕಣ್ಣಿನ ಪರೀಕ್ಷೆ ಸೇರುತ್ತದಾ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಯಾವ ರಜೆ ಹಾಕಬೇಕು, ಪ್ರಥಮ ಚಿಕಿತ್ಸೆ ಡಬ್ಬಿ ಯಾವ ಮಹಡಿಯಲ್ಲಿದೆ. ಇವು ಸಣ್ಣ ವಿಷಯ ಅನಿಸಬಹುದು. ಆದರೆ ನನ್ನ ಅನುಭವದಲ್ಲಿ ಜನ ಕತ್ತರಿಸಿ ಇಟ್ಟುಕೊಂಡಿದ್ದು ಇಂಥ ಪುಟಗಳನ್ನೇ.

ಈಗ ಸಿಕ್ಕ ವಿಷಯವನ್ನು ಚಿಕ್ಕದು ಮಾಡಬೇಕು. ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಹಂತಕ್ಕೇ. "ನಿದ್ದೆ" ಅನ್ನುವುದು ತುಂಬಾ ದೊಡ್ಡ ವಿಷಯ, ಅದನ್ನು ಹಿಡಿದರೆ "ಚೆನ್ನಾಗಿ ನಿದ್ದೆ ಮಾಡಿ" ಅನ್ನುವುದರ ಆಚೆಗೆ ಹೋಗಲು ಆಗುವುದಿಲ್ಲ. "ರಾತ್ರಿ ಪಾಳಿ ಮುಗಿಸಿ ಬಂದವರು ಹಗಲಲ್ಲಿ ಮಲಗುವುದು ಹೇಗೆ" ಅಂದುಕೊಳ್ಳಿ, ಬರೆಯಬೇಕಾದ್ದು ತಾನಾಗಿ ಮುಂದೆ ಬಂದು ನಿಲ್ಲುತ್ತದೆ. ಕಿಟಕಿಗೆ ದಪ್ಪ ಪರದೆ. ಫೋನ್ ಸೈಲೆಂಟ್. ಪಾಳಿಯ ಕೊನೆಯ ಗಂಟೆಗಳಲ್ಲಿ ಕಾಫಿ ಬೇಡ, ಯಾಕೆಂದರೆ ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಹೆಚ್ಚುಕಡಿಮೆ 5 ಗಂಟೆ ಬೇಕು. ಬೆಳಗಿನ ಜಾವ 4ಕ್ಕೆ ಕುಡಿದರೆ 9 ಗಂಟೆಗೆ ಮಲಗುವಾಗಲೂ ಅರ್ಧ ಒಳಗೇ ಇರುತ್ತದೆ. ಹಾಗೆಯೇ "ಕಣ್ಣಿನ ಆರೈಕೆ" ಬೇಡ, "ಸ್ಕ್ರೀನ್ ನೋಡಿ ನೋಡಿ ಕಣ್ಣು ಉರಿದರೆ" ಅಂತ ಬರೆಯಿರಿ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಅದಕ್ಕೇ ಕಣ್ಣು ಒಣಗುವುದು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ ಅನ್ನುವ ಸಲಹೆ ನೆನಪಿಡಲೂ ಸುಲಭ.

ವಿಷಯ ಚಿಕ್ಕದಾಯಿತಾ? ಇನ್ನು ಅದನ್ನು ಓದಿದವರಿಗೆ ಹಾಗೆ ಮಾಡಲು ನಿಮ್ಮ ಜಾಗದಲ್ಲಿ ಆಗುತ್ತದಾ ನೋಡಿ. ಗಂಟೆಗೊಮ್ಮೆ ಎದ್ದು ಓಡಾಡಿ ಅಂತ ನೀವು ಬರೆಯುತ್ತೀರಿ, ಅತ್ತ ಫೋನ್ ಬಿಟ್ಟು ಐದು ನಿಮಿಷ ಎದ್ದರೂ ಸೂಪರ್‌ವೈಸರ್ ಲೆಕ್ಕ ಕೇಳುತ್ತಾರೆ ಅಂದರೆ, ಮೊದಲು ಸೂಪರ್‌ವೈಸರ್ ಹತ್ತಿರ ಮಾತಾಡಿ, ಆಮೇಲೆ ಬರೆಯಿರಿ.

ಒತ್ತಡದ ವಿಷಯದಲ್ಲಿ ಇದು ಇನ್ನೂ ಮುಖ್ಯ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ ಹೊಸ ಆವೃತ್ತಿಯಲ್ಲಿ ಬರ್ನೌಟ್ ಅನ್ನು, ಅಂದರೆ ಕೆಲಸದಿಂದ ಪೂರ್ತಿ ಬಸವಳಿದು ಹೋಗುವುದನ್ನು, ವಿವರಿಸಿತು. ಕಾಯಿಲೆ ಅಂತ ಅಲ್ಲ, ಕೆಲಸದ ಜಾಗದಲ್ಲಿ ಬಹಳ ಕಾಲ ಉಳಿದು, ಸರಿಯಾಗಿ ನಿಭಾಯಿಸದೆ ಬಿಟ್ಟ ಒತ್ತಡದಿಂದ ಆಗುವಂಥದ್ದು ಅಂತ. ಕಾರಣ ಕೆಲಸದಲ್ಲಿದ್ದಾಗ ಸುಮ್ನೆ "ಆಳವಾಗಿ ಉಸಿರಾಡಿ" ಅಂತ ಬರೆದರೆ ಓದುವವರಿಗೆ ಬೇಜಾರಾಗುತ್ತದೆ, ಆಗಲೇಬೇಕು. ಅದರ ಬದಲು ಕೆಲಸ ಕೈಮೀರಿದಾಗ ಯಾರಿಗೆ ಹೇಳಬೇಕು, ಕೌನ್ಸೆಲಿಂಗ್ ಇದ್ದರೆ ಅಲ್ಲಿ ಆಡಿದ ಮಾತು ಎಚ್‌ಆರ್ ಕಿವಿಗೆ ಹೋಗುತ್ತದಾ ಇಲ್ಲವಾ, ಇದನ್ನು ಸ್ಪಷ್ಟವಾಗಿ ಬರೆಯಿರಿ. ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಂಡು ಬರೆಯಿರಿ.

ಕೆಲವನ್ನು ಕೈಬಿಡಿ. ತೂಕ ಇಳಿಸುವ ಸ್ಪರ್ಧೆ ನನ್ನ ಪಟ್ಟಿಯಲ್ಲಿ ಮೊದಲನೆಯದು: ಔಷಧಿಯಿಂದ ದಪ್ಪಗಾದವರು, ಊಟದ ವಿಷಯದಲ್ಲಿ ಒಳಗೊಳಗೇ ಒದ್ದಾಡುತ್ತಿರುವವರು, ಹೆರಿಗೆ ಮುಗಿಸಿ ಬಂದವರು ಎಲ್ಲರೂ ಅದನ್ನು ಓದುತ್ತಾರೆ. ಇಂಥ ಮಾತ್ರೆ ತಗೊಳ್ಳಿ ಅನ್ನುವುದೂ ಬೇಡ.

ಅಂಕಿ ಬಂದ ಕಡೆ ಅದು ಎಲ್ಲಿಂದ ಬಂತು ನೋಡಿ. ದಿನಕ್ಕೆ 10,000 ಹೆಜ್ಜೆ ಅನ್ನುವುದನ್ನು ನಾವೆಲ್ಲ ವೈದ್ಯರ ಮಾತು ಅಂತ ನಂಬಿದ್ದೇವೆ. ಅದು ಜನರ ಬಾಯಿಗೆ ಬಂದಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, "ಹತ್ತು ಸಾವಿರ ಹೆಜ್ಜೆ ಮೀಟರ್" ಅಂತಲೇ ಹೆಸರಿಟ್ಟ ಯಂತ್ರದಿಂದ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ, ಚುರುಕಾದ ನಡಿಗೆಯೂ ಅದರಲ್ಲಿ ಸೇರುತ್ತದೆ. ಅಚ್ಚಿಗೆ ಹೋಗುವ ಮುಂಚೆ ಒಬ್ಬ ಡಾಕ್ಟರ್ ಅಥವಾ ನರ್ಸ್‌ಗೆ ಪ್ರತಿ ಓದಲು ಕೊಡಿ.

ಇನ್ನು ವರ್ಷದ ಲೆಕ್ಕ. ಮೇ 31 ತಂಬಾಕು ರಹಿತ ದಿನ, ಅಕ್ಟೋಬರ್ 10 ಮಾನಸಿಕ ಆರೋಗ್ಯ ದಿನ, ನವೆಂಬರ್ 14 ಮಧುಮೇಹ ದಿನ. ನಿಮ್ಮ ಹಾಳೆಯಲ್ಲಿರುವ ವಿಷಯ ಇವುಗಳ ಜೊತೆ ಕೂಡಿ ಬಂದರೆ ಬಳಸಿಕೊಳ್ಳಿ, ಇಲ್ಲದಿದ್ದರೆ ಬಿಡಿ. ಹನ್ನೆರಡು ತಿಂಗಳಲ್ಲಿ ಎಂಟಕ್ಕೆ ಮಾತ್ರ ವಿಷಯ ಗೊತ್ತುಮಾಡಿ, ನಾಲ್ಕನ್ನು ಖಾಲಿ ಇಡಿ.

ಆ ನಾಲ್ಕು ತುಂಬುವುದು ಓದುವವರಿಂದ. ಪ್ರತಿ ಸಂಚಿಕೆಯ ಕೊನೆಗೆ "ಇದರಲ್ಲಿ ನಿಮಗೆ ಮಾಡಲು ಆಗದೆ ಇದ್ದದ್ದು ಯಾವುದು?" ಅಂತ ಒಂದು ಸಾಲು ಹಾಕಿ. ಹಗಲು ನಿದ್ದೆಯ ಸಂಚಿಕೆಗೆ ನಮಗೆ ಬಂದ ಚೀಟಿಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಮಾತು: ಮಲಗಿದವರನ್ನು ಮನೆಯವರು ಎಬ್ಬಿಸುತ್ತಾರೆ. ಮುಂದಿನ ತಿಂಗಳ ಪುಟವನ್ನು ನೌಕರರಿಗೆ ಬರೆಯಲಿಲ್ಲ, ಅವರ ಮನೆಯವರಿಗೆ ಬರೆದೆವು, ಕೋಣೆಯ ಬಾಗಿಲಿಗೆ ಅಂಟಿಸುವಷ್ಟು ದೊಡ್ಡ ಅಕ್ಷರದಲ್ಲಿ.